ಪೀಠದ ಬಣ್ಣಕ್ಕೆ ಒಂದು ಗಂಟೆ, ರೈಲ್ವೆ ಗೇಟಿಗೆ ಹತ್ತು ನಿಮಿಷ

ರೈಲ್ವೆ ಗೇಟು, ವೃತ್ತದ ಶಿಲ್ಪ ಮತ್ತು ರಸ್ತೆ ಸುರಕ್ಷತೆಯ ಯೋಜನೆಗಳನ್ನು ಒಂದೇ ಸಂಜೆ ಪರಿಶೀಲಿಸಲು ಕೂತ ನಗರ ಸಮಿತಿಯ ಸಭೆಗೆ ಹೋಗಿಬಂದು ಎರಡು ದಿನವಾದರೂ ನನ್ನ ತಲೆಬಿಸಿ ಇಳಿದಿಲ್ಲ. ಶಿಲ್ಪದ ಪೀಠ ಬೂದು ಬಣ್ಣದ್ದಿರಬೇಕೋ ಕಂದು ಬಣ್ಣದ್ದೋ ಎಂಬ ಚರ್ಚೆಯೇ ಒಂದು ಗಂಟೆ ನುಂಗಿತು. ಕಲೆಯ ಮೇಲೆ ನನಗೇನೂ ಹಗೆಯಿಲ್ಲ; ಆ ಶಿಲ್ಪ ಚೆನ್ನಾಗಿಯೇ ಇದೆ. ಆದರೆ ಗೇಟಿನ ಸರದಿ ಬರುವಷ್ಟರಲ್ಲಿ ಸದಸ್ಯರು ಗಡಿಯಾರ ನೋಡತೊಡಗಿದ್ದರು.

ವೇಗವಾಗಿ ಬರುವ, ಸರಕು ತುಂಬಿದ ಗೂಡ್ಸ್ ರೈಲಿಗೆ ತುರ್ತು ಬ್ರೇಕ್ ಹಾಕಿದರೂ ನಿಲ್ಲಲು ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ ಬೇಕಾಗಬಹುದು. ಗೇಟು ದಾಟಿದ ಕೂಡಲೇ ಟ್ರಾಫಿಕ್ ಸಿಗ್ನಲ್ ಇರುವುದರಿಂದ ವಾಹನಗಳ ಸಾಲು ಹಳಿಯ ಮೇಲಕ್ಕೂ ಬೆಳೆಯುತ್ತದೆ, ಆದ್ದರಿಂದ ರೈಲು ಬರುವ ಮುನ್ನ ಆ ಸಿಗ್ನಲ್ ಹಸಿರಾಗಿ ಹಳಿ ಖಾಲಿಯಾಗುವಂತೆ ಎರಡನ್ನೂ ಜೋಡಿಸಬೇಕು ಎಂದು ನಾನು ವಿವರಿಸಿದ್ದಕ್ಕೆ, ‘ಮುಂದಿನ ಸಭೆಯಲ್ಲಿ ನೋಡೋಣ’ ಎಂಬ ಉತ್ತರ ಸಿಕ್ಕಿತು. ಮೊನ್ನೆ ಬೆಳಿಗ್ಗೆ ಅದೇ ಜಾಗದಲ್ಲಿ, ಗಂಟೆ ಬಾರಿಸುತ್ತಿರುವಾಗ, ನನ್ನ ಮುಂದಿದ್ದ ಸ್ಕೂಟರಿನ ಹಿಂಚಕ್ರ ಹಳಿಯ ಮೇಲೆಯೇ ನಿಂತಿತ್ತು.

ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್ ಇರಲಿ ಎಂದು ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ ಹೊರಡಿಸಿದ 2020ರ ಸ್ಟಾಕ್‌ಹೋಮ್ ಘೋಷಣೆಯೇ ಹೇಳಿದೆ. ಶಾಲೆಯ ಮುಂದಿನ ರಸ್ತೆಗೆ ಅದನ್ನೇ ಕೇಳಿದ್ದ ನಮ್ಮ ಮನವಿಯ ಕಡತದ ದಾರವನ್ನು ಯಾರೂ ಬಿಚ್ಚಲಿಲ್ಲ. ಆದರೂ ಸಭೆಯ ನಡಾವಳಿಯಲ್ಲಿ ಮೂರೂ ವಿಷಯಗಳನ್ನು ‘ಕೂಲಂಕಷವಾಗಿ ಪರಿಶೀಲಿಸಲಾಯಿತು’ ಎಂದು ಬರೆದಿದ್ದಾರೆ. ಪೀಠದ ಬಣ್ಣವೂ ಇನ್ನೂ ತೀರ್ಮಾನವಾಗಿಲ್ಲವಂತೆ.