‘ಬೈ’ ಹೇಳಿ ಹೋಗುವ ಲೈಬ್ರರಿ

ಎಚ್‌ಡಿಎಫ್5 ಅನ್ನುವ ಲೈಬ್ರರಿಗೆ ಒಂದು ವಿಚಿತ್ರ ಸೌಜನ್ಯ ಇದೆ. ಪುಸ್ತಕದ ಲೈಬ್ರರಿಯಲ್ಲ, ದೊಡ್ಡ ಡೇಟಾ ಫೈಲುಗಳನ್ನು ಓದಿ ಬರೆಯುವ ಸಿದ್ಧ ಕೋಡಿನ ಕಟ್ಟು. ಪ್ರಾಣ ಬಿಡುವ ಮುಂಚೆ ಪರದೆಯ ಮೇಲೆ ‘ಬೈ...’ ಎಂದು ಬರೆದು ಹೋಗುತ್ತದೆ. ತಮಾಷೆಯಲ್ಲ, ಅದರ ಸಿ ಕೋಡಿನಲ್ಲೇ ಹಾಗೆ ಬರೆದಿಟ್ಟಿದ್ದಾರೆ.

ನನಗೆ ಬೇಕಿದ್ದದ್ದು ಆಗುಂಬೆಯ ಜುಲೈ ಮಳೆಯ ಒಂದು ಗ್ರಾಫ್, ಅಷ್ಟೇ. ಹವಾಮಾನ ಇಲಾಖೆ ದೇಶವನ್ನು ಕಾಲು ಡಿಗ್ರಿಯ ಚೌಕಗಳಾಗಿ ಕತ್ತರಿಸಿ, 1901ರಿಂದ ಈಚಿನ ದಿನದಿನದ ಮಳೆಯನ್ನು ನೆಟ್‌ಸಿಡಿಎಫ್ ಎಂಬ ಮಾದರಿಯ ಡೇಟಾ ಫೈಲುಗಳಲ್ಲಿ ಕೊಡುತ್ತದೆ. ಪೈಥಾನ್‌ನಲ್ಲಿ ಹತ್ತು ಸಾಲಿನ ಕೆಲಸ. ಮೊದಲೆರಡು ಸಾಲು, ಒಳಗೊಳಗೇ ಎಚ್‌ಡಿಎಫ್5 ಬಳಸುವ ಲೈಬ್ರರಿಗಳನ್ನು ಕರೆಯುವುದಕ್ಕೆ. ಮೂರನೆಯದಕ್ಕೆ ಹೋಗಲೇ ಇಲ್ಲ. ಕಟ್ಟುವಾಗ ಬಳಸಿದ ಹೆಡರ್ ಫೈಲು ಒಂದು ವರ್ಷನ್ನಿನದು, ಈಗ ಓಡಲು ಸಿಕ್ಕ ಲೈಬ್ರರಿ ಇನ್ನೊಂದರದು, ಮುಂದುವರಿದರೆ ಡೇಟಾ ಕೆಡಬಹುದು ಎಂದು ಪರದೆ ತುಂಬ ಬೈದು, ಆಮೇಲೆ ‘ಬೈ’.

ಅಣ್ಣನ ಅಂಗಿ ಅಳತೆಗೆ ಕೊಟ್ಟು ಹೊಲಿಸಿದ್ದನ್ನು ತಮ್ಮನಿಗೆ ತೊಡಿಸಿದ ಹಾಗೆ ಆಗಿತ್ತು. ಕೋಂಡಾ, ಪಿಪ್ ಎರಡೂ ಲೈಬ್ರರಿಗಳ ಪ್ಯಾಕೇಜುಗಳನ್ನು ಇಳಿಸಿಕೊಡುವ ಸಾಧನಗಳು. ಒಂದು ಪ್ಯಾಕೇಜನ್ನು ಕೋಂಡಾದಿಂದ ತಂದಿದ್ದೆ, ಇನ್ನೊಂದನ್ನು ಪಿಪ್‌ನಿಂದ. ಪಿಪ್‌ನಲ್ಲಿ ಬಂದದ್ದು ತನ್ನದೇ ಎಚ್‌ಡಿಎಫ್5 ಅನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತದೆ. ಇನ್ನೂ ಮಜಾ ಅಂದರೆ, ಆ ಎರಡು ಸಾಲನ್ನು ಅದಲುಬದಲು ಮಾಡಿದರೆ ಕೆಲವೊಮ್ಮೆ ಎಲ್ಲ ಸರಿಹೋಗುತ್ತದೆ. ಯಾರನ್ನು ಮೊದಲು ಕರೆದೆವು ಅನ್ನುವುದರ ಮೇಲೆ ಮುನಿಸು!

ಆಫೀಸಿನ ಕಿರಿಯ ಗೆಳೆಯ ಸುಲಭದ ದಾರಿ ತೋರಿಸಿದ. ‘ಸರ್, ವರ್ಷನ್ ಚೆಕ್ ಆಫ್ ಮಾಡೋಕೆ ಒಂದು ಎನ್ವಿರಾನ್‌ಮೆಂಟ್ ವೇರಿಯೇಬಲ್, ಅಂದ್ರೆ ಹೊರಗಿಂದ ಕೊಡೋ ಒಂದು ಸೆಟ್ಟಿಂಗ್ ಇದೆ. 1 ಅಂತ ಕೊಟ್ರೆ ಬೈಕೊಂಡೇ ಓಡತ್ತೆ. ಸುಮ್ನೆ 2 ಕೊಡಿ, ಬಾಯೇ ಬಿಡಲ್ಲ.’

ಬೇಡಪ್ಪಾ ಅಂದೆ. ಬೇರೆ ಊರಾಗಿದ್ದರೆ ತಪ್ಪು ಅಂಕಿ ಬಂದಾಗ ಯಾರಾದರೂ ಹುಬ್ಬೇರಿಸುತ್ತಿದ್ದರು. ಆಗುಂಬೆಗೆ ಎಷ್ಟು ಮಳೆ ತೋರಿಸಿದರೂ ಜನ ‘ಇರಬಹುದು’ ಎಂದು ನಂಬಿಬಿಡುತ್ತಾರೆ, ಅಲ್ವಾ? ಡೇಟಾ ಕೆಡಿಸಿ ಸುಮ್ಮನಿರುವುದಕ್ಕಿಂತ ‘ಬೈ’ ಹೇಳಿ ಸಾಯುವ ಲೈಬ್ರರಿಯೇ ನನಗೆ ವಾಸಿ.

ಪ್ಯಾಕೇಜುಗಳೆಲ್ಲ ಕೂತಿದ್ದ ಹಳೆಯ ಎನ್ವಿರಾನ್‌ಮೆಂಟ್ ಅಳಿಸಿ, ಎಲ್ಲವನ್ನೂ ಕೋಂಡಾ-ಫೋರ್ಜ್ ಎಂಬ ಒಂದೇ ಪ್ಯಾಕೇಜ್ ಭಂಡಾರದಿಂದ ತರಿಸಿದೆ. ಎಚ್‌ಡಿಎಫ್5 ತಣ್ಣಗಾಯಿತು. ಜೊತೆಯಲ್ಲಿ ಕರೆಯದೇ ಬಂದದ್ದು ನಂಪೈ 2, ಪೈಥಾನ್‌ನಲ್ಲಿ ಅಂಕಿಗಳ ಲೆಕ್ಕ ನೋಡಿಕೊಳ್ಳುವ ಲೈಬ್ರರಿಯ ಹೊಸ ವರ್ಷನ್. 2006ರ 1.0 ಆದ ಮೇಲೆ ನಂಪೈ ಮೊದಲ ಅಂಕಿ ಬದಲಿಸಿದ್ದೇ 2024ರ ಜೂನ್‌ನಲ್ಲಿ. ನಾನು ನೆಚ್ಚಿಕೊಂಡಿದ್ದ ಹಳೆಯ ಲೈಬ್ರರಿಯೊಂದು ನಂಪೈ 1ರ ಕಾಲದಲ್ಲಿ, ಅದಕ್ಕೆ ಹೊಂದುವಂತೆ ಕಂಪೈಲ್ ಆದದ್ದು. ‘ಇವರ ಜೊತೆ ನಾನಿರಲ್ಲ’ ಎಂದು ಅದೂ ಕೂತಿತು. ಅದನ್ನು ಮೇಲೆತ್ತುವವರು ಯಾರೂ ಇಲ್ಲ, ಹಾಗಾಗಿ ನಂಪೈಯನ್ನೇ 2ಕ್ಕಿಂತ ಕೆಳಗೆ ಇಳಿಸಿ ಕಟ್ಟಿಹಾಕಬೇಕಾಯಿತು.

ಗ್ರಾಫ್ ಬಂತು. ಮತ್ತೆ ಯಾರೂ ಜಗಳ ತೆಗೆಯದಿರಲಿ ಎಂದು ಪ್ರತಿ ಪ್ಯಾಕೇಜಿನ ವರ್ಷನ್ನನ್ನೂ ಒಂದು ಫೈಲಿನಲ್ಲಿ ಬರೆದಿಟ್ಟೆ. ಹತ್ತು ಸಾಲಿನ ಪ್ರೋಗ್ರಾಂಗೆ ನೂರು ದಾಟಿದ ಪಟ್ಟಿ. ಗೆಳೆಯನಿಗೆ ಎರಡೂ ಫೈಲ್ ಕಳಿಸಿದೆ.

‘ದೊಡ್ಡದನ್ನ ಓಡಿಸ್ಬೇಕಾ ಸರ್?’ ಎಂದು ಕೇಳಿದ.