ಗಂಟಲು ಬಾಡಿಗೆಗೆ ಇದೆ

1969ರಲ್ಲಿ ಅಮೆರಿಕದ ಪಾಪ್ ಹಾಡುಗಳಲ್ಲೆಲ್ಲ ದೊಡ್ಡ ಹಿಟ್ ಕೊಟ್ಟ ಬ್ಯಾಂಡಿನಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಇದ್ದದ್ದು ಕಾಗದದ ಮೇಲೆ ಬಿಡಿಸಿದ ಐದು ಮಂದಿ. ಬೆಂಗಳೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಆರ್ಚಿ ಕಾಮಿಕ್ಸ್ ಬಾಡಿಗೆಗೆ ತಂದು ಓದಿದವರಿಗೆ ಇವರು ಗೊತ್ತು. ಅದೇ ಆರ್ಚಿ, ಅದೇ ಬೆಟ್ಟಿ, ಅದೇ ವೆರೋನಿಕಾ. ಟಿವಿ ಕಾರ್ಟೂನಿಗೆ ಬಂದಾಗ ಅವರೇ 'ದಿ ಆರ್ಚೀಸ್' ಅಂತ ಬ್ಯಾಂಡ್ ಕಟ್ಟಿಕೊಂಡರು. ಆರ್ಚಿಗೆ ಗಿಟಾರ್, ಜಗ್‌ಹೆಡ್‌ಗೆ ಡ್ರಮ್ಸ್. ಇವರ 'ಶುಗರ್, ಶುಗರ್' ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ವರ್ಷದ ಲೆಕ್ಕ ಹಾಕಿದಾಗಲೂ ಅದೇ ನಂಬರ್ ಒನ್. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ, ವುಡ್‌ಸ್ಟಾಕ್ ಸಂಗೀತ ಮೇಳ ನಡೆದ ವರ್ಷ. ಜನ ಗುನುಗಿದ್ದು ಮಾತ್ರ ಸಕ್ಕರೆ, ಸಕ್ಕರೆ.

ಇದರ ಹಿಂದಿದ್ದವರು ಡಾನ್ ಕಿರ್ಶ್ನರ್. ಅದಕ್ಕೂ ಮೊದಲು ಅವರು ಟಿವಿಗಾಗಿಯೇ ಹುಟ್ಟಿದ ಮಂಕೀಸ್ ಬ್ಯಾಂಡಿನ ಹಾಡುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಆ ಹುಡುಗರು ಒಂದು ದಿನ ನಮ್ಮ ವಾದ್ಯ ನಾವೇ ನುಡಿಸ್ತೀವಿ ಅಂತ ಪಟ್ಟು ಹಿಡಿದರು. ಜಗಳ ಬೆಳೆದು 1967ರಲ್ಲಿ ಕಿರ್ಶ್ನರ್ ಕೆಲಸವೇ ಹೋಯಿತು. ಪೆಟ್ಟು ತಿಂದ ಮನುಷ್ಯ ಮುಂದೆ ಕಾರ್ಟೂನಿನ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವೇನಿದೆ? ಕಾರ್ಟೂನ್ ಎದುರು ಮಾತಾಡಲ್ಲ. ಸಂಬಳ ಜಾಸ್ತಿ ಮಾಡಿ ಅನ್ನಲ್ಲ.

ಆದರೆ ಕಾರ್ಟೂನಿಗೆ ಗಂಟಲಿಲ್ಲವಲ್ಲ. ಅದನ್ನು ಬಾಡಿಗೆಗೆ ಕೊಟ್ಟವರು ರಾನ್ ಡಾಂಟೆ. ಜಾಹೀರಾತಿನ ಜಿಂಗಲ್‌ಗಳಿಗೂ ಹಾಡುತ್ತಿದ್ದ ಸ್ಟುಡಿಯೋ ಗಾಯಕ. ಹಾಡನ್ನು ಈಗ ಒಮ್ಮೆ ಹಾಕಿಕೊಂಡು ಕೇಳಿ. ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ ಹಾಗಿದೆ ಅವರ ದನಿ. ಎಲ್ಲೂ ಜೋರಿಲ್ಲ, ಕಸರತ್ತಿಲ್ಲ. ಹಾಡು ಇನ್ನೇನು ಮುಗಿಯಬೇಕು ಅನ್ನುವಾಗ ಒಂದು ಹೆಣ್ಣು ದನಿ ಒಂದೇ ಸಾಲಿಗೆ ನುಗ್ಗಿ ಬರುತ್ತದೆ. ಅದು ಟೋನಿ ವೈನ್. ನನ್ನ ಕೇಳಿದರೆ ಇಡೀ ಹಾಡು ಎದ್ದು ಕೂರುವುದೇ ಆ ಜಾಗದಲ್ಲಿ. ರೆಕಾರ್ಡಿನ ಮೇಲೆ ಇಬ್ಬರ ಮುಖವೂ ಇಲ್ಲ. ನಗುತ್ತಿರುವುದು ಕೆಂಪು ಕೂದಲಿನ ಆರ್ಚಿ.

ಮಜಾ ಇರುವುದು ಇನ್ನು ಮುಂದೆ. ಅದೇ ಹೊತ್ತಿಗೆ 'ಟ್ರೇಸಿ' ಅಂತ ಇನ್ನೊಂದು ಹಾಡು ಮೇಲೇರುತ್ತಿತ್ತು. ಹಾಡಿದ್ದು ಕಫ್ ಲಿಂಕ್ಸ್ ಎಂಬ ಗುಂಪು. ಗುಂಪು ಅಂದರೆ ಹೆಸರಿಗೆ. ಒಳಗಿದ್ದವರು ಡಾಂಟೆ ಒಬ್ಬರೇ. ದನಿಯ ಮೇಲೆ ದನಿ ರೆಕಾರ್ಡ್ ಮಾಡಿ ಗುಂಪಾಗಿದ್ದರು. ಎರಡೂ ಹಾಡು ಟಾಪ್ ಟೆನ್ ಸೇರಿದವು. ತಮಗೆ ತಾವೇ ಪೈಪೋಟಿ ಕೊಡುತ್ತಿದ್ದ ಈ ಮಹಾನುಭಾವರು ಅಂಗಡಿಗೆ ಹೋಗಿ ಹಾಲು ತಂದಿದ್ದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಂಥ ಕೀರ್ತಿ ನನಗೂ ಸಿಕ್ಕರೆ ಬೇಡ ಅನ್ನಲಾರೆ.

ಇಂಗ್ಲೆಂಡಿನಲ್ಲಿ ಟೋನಿ ಬರೋಸ್ ಅವರದೂ ಇದೇ ಕಸುಬು. 1970ರ ಆಸುಪಾಸಿನ ಎಡಿಸನ್ ಲೈಟ್‌ಹೌಸ್, ವೈಟ್ ಪ್ಲೇನ್ಸ್, ಪಿಪ್‌ಕಿನ್ಸ್, ಬ್ರದರ್‌ಹುಡ್ ಆಫ್ ಮ್ಯಾನ್ ಗುಂಪುಗಳ ಹಿಟ್‌ಗಳನ್ನು ಕೇಳಿ. ಬೋರ್ಡು ನಾಲ್ಕು, ಒಳಗೆ ಅದೇ ಆಸಾಮಿ.

ಮುಖ ಒಬ್ಬರದು, ದನಿ ಒಬ್ಬರದು ಅಂದರೆ ನಾವೇನೂ ಬೆಚ್ಚಿಬೀಳುವವರಲ್ಲ. ತೆರೆಯ ಮೇಲೆ ರಾಜ್‌ಕುಮಾರ್ ತುಟಿ, ಹಿಂದೆ ಪಿ.ಬಿ. ಶ್ರೀನಿವಾಸ್ ಕಂಠ. ಇದನ್ನು ಮೋಸ ಅಂತ ಯಾರಾದರೂ ಅಂದರಾ? ಯಾಕೆಂದರೆ ಇಬ್ಬರ ಹೆಸರೂ ನಮಗೆ ಗೊತ್ತಿತ್ತು. ಹಾಗಂತ ಹೆಸರು ಮೊದಲಿಂದಲೂ ಬರುತ್ತಿತ್ತು ಅಂತಲ್ಲ. 1949ರ 'ಮಹಲ್' ಚಿತ್ರದ 'ಆಯೇಗಾ ಆನೇವಾಲಾ' ರೆಕಾರ್ಡಿನ ಮೇಲೆ ಗಾಯಕಿಯ ಹೆಸರು ಕಾಮಿನಿ ಅಂತಿತ್ತು. ಕಾಮಿನಿ ಚಿತ್ರದೊಳಗಿನ ಪಾತ್ರ! ಹಾಡಿದ್ದು ಯಾರು ಅಂತ ಕೇಳುಗರು ರೇಡಿಯೋದವರನ್ನು ಬಿಡದೆ ಕೇಳಿದ ಮೇಲೆಯೇ ಲತಾ ಮಂಗೇಶ್ಕರ್ ಹೆಸರು ಹೊರಗೆ ಬಂದದ್ದು.

ಡಾಂಟೆ ಕೆಲಸ ಏನು ಅಂತ ತಿಳಿದೇ ಒಪ್ಪಿಕೊಂಡು ಹಾಡಿದವರು. ಅವರ ಬಗ್ಗೆ ನನಗೆ ಕನಿಕರ ಇಲ್ಲ. ಅಮೆರಿಕದ ಗಾಯಕಿ ಡಾರ್ಲೀನ್ ಲವ್ ಕತೆ ಬೇರೆ. 'ಶುಗರ್, ಶುಗರ್' ಥರದ, ಬಬಲ್‌ಗಮ್ ಅಂತ ಕರೆಸಿಕೊಂಡ ಸಿಹಿ ಹಾಡುಗಳ ಕಾಲಕ್ಕಿಂತ ಕೊಂಚ ಹಿಂದಿನದು. 1962ರಲ್ಲಿ ನಿರ್ಮಾಪಕ ಫಿಲ್ ಸ್ಪೆಕ್ಟರ್ ಡಾರ್ಲೀನ್ ಕೈಲಿ 'ಹೀ ಈಸ್ ಎ ರೆಬೆಲ್' ಹಾಡಿಸಿ ಕ್ರಿಸ್ಟಲ್ಸ್ ಎಂಬ ಇನ್ನೊಂದು ಗುಂಪಿನ ಹೆಸರಲ್ಲಿ ಬಿಟ್ಟ. ಹಾಡು ನಂಬರ್ ಒನ್ ಆಯಿತು. ಹಾಡಿದವಳಿಗೆ ಹೆಸರಿಲ್ಲ. ಹೆಸರಿದ್ದವರ ಪಾಡೂ ಸುಖದ್ದಲ್ಲ, ತಾವು ಹಾಡದ ಹಾಡನ್ನು ಊರೂರಿನ ವೇದಿಕೆಯಲ್ಲಿ ಹಾಡಬೇಕಾಯಿತು. ಎಷ್ಟೋ ವರ್ಷಗಳ ನಂತರ ಡಾರ್ಲೀನ್ ಹೊಟ್ಟೆಪಾಡಿಗೆ ಮನೆಗೆಲಸ ಹಿಡಿದಿದ್ದರು. ಯಾರದೋ ಬಾತ್‌ರೂಮ್ ತೊಳೆಯುವಾಗ ರೇಡಿಯೋದಲ್ಲಿ ತಾವೇ ಹಾಡಿದ ಕ್ರಿಸ್‌ಮಸ್ ಹಾಡು ಬಂತು. ಮತ್ತೆ ಹಾಡಲೇಬೇಕು ಅಂತ ತೀರ್ಮಾನಿಸಿದ್ದು ಅಲ್ಲೇ ಅಂತ ಅವರೇ ಹೇಳಿಕೊಂಡಿದ್ದಾರೆ. ಮತ್ತೆ ಹಾಡಿದರು. 2011ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೂ ಸೇರಿದರು, ಸ್ವಂತ ಹೆಸರಲ್ಲಿ.

ಇನ್ನು ಡಾಂಟೆ. 2018ರಲ್ಲಿ ಟರ್ಟಲ್ಸ್ ಬ್ಯಾಂಡಿನ ಗಾಯಕ ಹೋವರ್ಡ್ ಕೇಲನ್ ಆರೋಗ್ಯ ಸರಿಯಿಲ್ಲದೆ ಪ್ರವಾಸದಿಂದ ಹಿಂದೆ ಸರಿದರು. ಆ ಜಾಗಕ್ಕೆ ಎಪ್ಪತ್ತು ದಾಟಿದ ಡಾಂಟೆ ಬಂದರು. ಊರೂರು ಸುತ್ತಿ, ಜನರಿಗೆ ಮುಖ ತೋರಿಸಿಕೊಂಡೇ ಹಾಡಿದರು, ಟರ್ಟಲ್ಸ್ ಹಾಡುಗಳನ್ನು.