ಸತ್ಯಾಂಶ: ಜ್ವಾಲಾಮುಖಿಯ ಬೂದಿ ಬರೀ ಹೊಗೆಯಲ್ಲ

'ಜ್ವಾಲಾಮುಖಿ ಬೂದಿ ಅಂದ್ರೆ ಹೊಗೆ ಅಷ್ಟೇ, ದುಡ್ಡು ಉಳಿಸೋಕೆ ವಿಮಾನ ರದ್ದು ಮಾಡ್ತಾರೆ.' ಬಾಲಿಗೆ ಟಿಕೆಟ್ ಮಾಡಿಸಿಕೊಂಡಿರುವ ಜಯನಗರದ ನಮ್ಮ ನೆಂಟರಿಗೆ ಬಂದ ವಾಟ್ಸಾಪ್ ಸಂದೇಶ ಇದು. ಪೂರ್ತಿ ತಪ್ಪು.

ಆ ಬೂದಿ ಒಲೆಯ ಬೂದಿಯಲ್ಲ. ನುಣ್ಣಗೆ ಪುಡಿಯಾದ ಕಲ್ಲು ಮತ್ತು ಗಾಜು. ಎಂಜಿನ್ನಿನ ಕಾವಿಗೆ ಕರಗಿ, ಟರ್ಬೈನಿನ ಒಳಗೆ ಮೆತ್ತಿಕೊಂಡು ಗಾಳಿಯ ದಾರಿ ಕಟ್ಟುತ್ತದೆ. 1982ರ ಜೂನ್ 24ರ ರಾತ್ರಿ ಇಂಡೋನೇಷ್ಯಾದ ಜಾವಾ ದ್ವೀಪದ ಗಲುಂಗುಂಗ್ ಜ್ವಾಲಾಮುಖಿ ಉಗುಳಿದ ಬೂದಿಗೆ ಸಿಕ್ಕಿ ಬ್ರಿಟಿಷ್ ಏರ್‌ವೇಸ್‌ನ ಜಂಬೋ ವಿಮಾನದ ನಾಲ್ಕೂ ಎಂಜಿನ್ ನಿಂತುಹೋದವು. ವಿಮಾನ ಬೂದಿಯಿಂದ ಕೆಳಗೆ ಬಂದ ಮೇಲೆ ಆಕಾಶದಲ್ಲೇ ಮತ್ತೆ ಚಾಲೂ ಆದವು, ಪುಣ್ಯಕ್ಕೆ ಎಲ್ಲರೂ ಉಳಿದರು. ವಿಮಾನದ ಹವಾಮಾನ ರೇಡಾರಿಗೆ ಒಣ ಬೂದಿ ಕಾಣುವುದಿಲ್ಲ.

ಉಗುಳುವ ಬೆಟ್ಟ ಬಾಲಿಯದೇ ಆಗಬೇಕೆಂದಿಲ್ಲ. 2024ರ ನವೆಂಬರಿನಲ್ಲಿ ಇಂಡೋನೇಷ್ಯಾದ್ದೇ ಆದ ಫ್ಲೋರೆಸ್ ದ್ವೀಪದ ಲೆವೊಟೊಬಿ ಜ್ವಾಲಾಮುಖಿಯಿಂದಾಗಿ ಬಾಲಿಯ ವಿಮಾನಗಳು ರದ್ದಾದವು. ಒಂದೆರಡು ದಿನ ಹೆಚ್ಚಿಗೆ ರಜೆ ಇಟ್ಟುಕೊಂಡೇ ಹೊರಡಿ.